ಪಂಚಾಯಿತಿ ಸದಸ್ಯೆಯರ ನಾಯಕತ್ವ ತರಬೇತಿಯಲ್ಲಿ ಆತ್ಮವಿಶ್ವಾಸ ಹೆಚ್ಚಿಸಲು ಯಾವ ಆಟ ಆಡಿಸಬೇಕು?

ಮೂರು ದಿನ, 30 ಸದಸ್ಯೆಯರು, ಆಟಗಳ ಪಟ್ಟಿ: ನೀವು ಕೇಳುತ್ತಿರುವುದು ಇದು. ನಮ್ಮ ತಂಡ ಮೊದಲ ಸಲ ಹೊರಟದ್ದೂ ಹೀಗೇ. ಆ ಪಟ್ಟಿ ನಾನು ಕೊಡುವುದಿಲ್ಲ. ಊರಿನ ಮನೆಮನೆ ಹತ್ತಿ ಓಟು ಕೇಳಿ ಗೆದ್ದವರಿಗೆ ಧೈರ್ಯ ಸಾಲದು ಎಂದು ನೀವು ಮೊದಲೇ ತೀರ್ಮಾನಿಸಿಬಿಟ್ಟಿದ್ದೀರಿ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇ 25 ಸ್ಥಾನ ಇತ್ತು, 2010ರಿಂದ ಶೇ 50. ಇವತ್ತಿಗೂ ಅವರ ಕೈಗೆ ಸರಿಯಾಗಿ ಸಿಗದಿರುವುದು ಕಾಗದ: ಸಭೆಯ ನೋಟೀಸು, ಜಮಾ-ಖರ್ಚು, ಸಭೆಯ ನಿರ್ಣಯ ಬರೆಯುವ ನಡಾವಳಿ ಪುಸ್ತಕ.

ನಾವು ಎಡವಿದ್ದು ಈ ನಡಾವಳಿ ಪುಸ್ತಕದಲ್ಲೇ. ಮೂರನೇ ದಿನ ಅಣಕು ಸಭೆ ಚೆನ್ನಾಗಿಯೇ ನಡೆಯಿತು. ಅಧ್ಯಕ್ಷೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಅಡ್ಡ ಮಾತಾಡುವ ಸದಸ್ಯ, ಎಲ್ಲ ಪಾತ್ರಗಳೂ ಇದ್ದವು. ಚರ್ಚೆಯಾಗಿ, ನಿರ್ಣಯ ಬರೆದು, ಓದಿ, ಕಡೆಗೆ ಎಲ್ಲರೂ ಸಹಿ ಹಾಕಿದರು. ತಪ್ಪು ಇದ್ದದ್ದು ಆ ‘ಕಡೆಗೆ’ಯಲ್ಲಿ. ಎಷ್ಟೋ ಪಂಚಾಯಿತಿಗಳಲ್ಲಿ ಹಾಜರಿಯ ಹೆಸರಿನಲ್ಲಿ ಒಳಗೆ ಬರುತ್ತಿದ್ದಂತೆಯೇ ಸಹಿ ತಗೊಳ್ಳುತ್ತಾರೆ, ಅದೂ ಅದೇ ಪುಸ್ತಕದಲ್ಲಿ. ಸಹಿಗಳ ಕೆಳಗೆ ಪುಟ ಖಾಲಿ ಇರುತ್ತದೆ. ನಿರ್ಣಯವನ್ನು ಆಮೇಲೆ, ಕೆಲವು ಸಲ ಮಾರನೇ ದಿನ ಬರೆಯುತ್ತಾರೆ. ಕೆಲವು ಕಡೆ ಬಿಲ್ ಕಲೆಕ್ಟರ್ ಪುಸ್ತಕವನ್ನೇ ಮನೆಗೆ ತರುತ್ತಾರೆ, ‘ಇಲ್ಲೊಂದು ಸಹಿ ಹಾಕಿ ಅಕ್ಕಾ’ ಅಂತ. ನಾವು ಹೇಳಿಕೊಟ್ಟ ಕ್ರಮ ಕಾನೂನಿಗೆ ಸರಿ, ಅಲ್ಲಿ ನಡೆಯುವುದಕ್ಕೆ ತದ್ವಿರುದ್ಧ. ನಮ್ಮಲ್ಲಿ ಕಲಿತು ಹೋಗಿ, ಕೊಳವೆಬಾವಿ ಮೋಟರಿನ ಬಿಲ್ಲನ್ನು ತನ್ನ ಪಂಚಾಯಿತಿ ಸಭೆಯಲ್ಲಿ ವಿರೋಧಿಸಿದ ಸದಸ್ಯೆಯ ಸಹಿಯೇ ಆ ಬಿಲ್ಲಿನ ನಿರ್ಣಯದ ಪುಟದಲ್ಲಿತ್ತು. ‘ನೀವೂ ಒಪ್ಪಿದ್ದೀರಲ್ಲ’ ಎಂದು ವಾರ್ಡಿನವರು ಕೇಳಿದರೆ ಆಕೆ ಏನು ಹೇಳಬೇಕು? ಆಕೆಯ ಬಾಯಿ ಬಿಡಿಸಿದ್ದು ನಾವು. ಕೈ ಕಾಯುವುದನ್ನು ಹೇಳಿಕೊಟ್ಟಿರಲಿಲ್ಲ.

ಈಗ ಎರಡನೇ ದಿನ ಬೆಳಗ್ಗೆಯೇ ಇದನ್ನು ಮಾಡಿಸುತ್ತೇವೆ. ಒಂದು ಲಾಂಗ್ ಬುಕ್ ತಗೊಳ್ಳಿ. ಚಹಾ ಕೊಡುವಾಗ ನಿಮ್ಮವರೊಬ್ಬರು ಅದನ್ನು ಸುತ್ತ ಹಿಡಿದು ಸಹಿ, ಹೆಬ್ಬೆಟ್ಟು ಪಡೆಯಲಿ. ಯಾಕೆ ಎಂದು ಯಾರೂ ಕೇಳುವುದಿಲ್ಲ. 12 ಜನರನ್ನು ಸದಸ್ಯರೆಂದು ಕೂರಿಸಿ, ನಾಲ್ಕು ವಿಷಯ ಕೊಟ್ಟು 40 ನಿಮಿಷ ಸಭೆ ನಡೆಸಿ. ಮುಗಿದ ಮೇಲೆ ಸಹಿಗಳ ಕೆಳಗಿನ ಖಾಲಿ ಜಾಗದಲ್ಲಿ, ಚರ್ಚೆಗೇ ಬಾರದ ಒಂದು ನಿರ್ಣಯ ಬರೆಯಿರಿ: ‘ಚರಂಡಿ ಹೂಳೆತ್ತಲು 80,000 ರೂ. ಸರ್ವಾನುಮತದಿಂದ ಅನುಮೋದಿಸಲಾಯಿತು.’ ಗಟ್ಟಿಯಾಗಿ ಓದಿ. ಕೋಣೆ ಎದ್ದು ನಿಲ್ಲುತ್ತದೆ. ಯಾವ ಆಟವೂ ಅಷ್ಟು ಮಾತು ಹೊರಡಿಸುವುದಿಲ್ಲ.

ಆ ಬಿಸಿಯಲ್ಲೇ ಸಭೆಯನ್ನು ಮತ್ತೆ ನಡೆಸಿ. ಹಾಜರಿ ಸಹಿಯ ಪಕ್ಕ ‘ಹಾಜರಿಗೆ ಮಾತ್ರ’ ಎಂದು ಬರೆಯಬೇಕು, ಅಕ್ಷರ ಬಾರದವರು ಪಕ್ಕದ ಸದಸ್ಯೆಯಿಂದ ಬರೆಸಬೇಕು. ನಿರ್ಣಯವನ್ನು ಸಭೆಯಲ್ಲೇ ಬರೆದು ಓದಿ ಎಂದು ಕೇಳಬೇಕು. ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಸಬೇಕು. ಒಪ್ಪದಿದ್ದರೆ ‘ನನ್ನ ವಿರೋಧ ಇದೆ, ಹೆಸರು ಹಾಕಿ ಬರೆಯಿರಿ’ ಎನ್ನಬೇಕು. ಎದ್ದು ಹೋಗುವ ಮೊದಲು ಮೊಬೈಲಿನಲ್ಲಿ ಪುಟದ ಫೋಟೊ ಹಿಡಿಯಬೇಕು. ‘ನನ್ನ ವಿರೋಧ ಇದೆ’ ಎಂಬ ಆ ಒಂದು ವಾಕ್ಯವನ್ನು ಪ್ರತಿಯೊಬ್ಬರೂ ಎದ್ದುನಿಂತು ಮೂರು ಸಲ ಹೇಳಲಿ, ಎದುರಿಗೆ ಪಿಡಿಒ ಪಾತ್ರದವರು ತಡೆಯುತ್ತಿರಲಿ.

ನೋಟೀಸಿನ ಲೆಕ್ಕವನ್ನೂ ಬಾಯಿಪಾಠ ಮಾಡಿಸಿ: ಸಾಮಾನ್ಯ ಸಭೆಗೆ ಪೂರ್ತಿ 7 ದಿನ, ವಿಶೇಷ ಸಭೆಗೆ 3 ದಿನ. ಹಣದ ಪಾಠಕ್ಕೆ ಪ್ರೊಜೆಕ್ಟರ್ ಬೇಡ, ಹತ್ತು ಹುಣಸೆ ಬೀಜ ಸಾಕು. 15ನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನಕ್ಕೆ 2021-22ರಿಂದ 2025-26ರವರೆಗೆ ಹೇಳಿದ್ದ ಹಂಚಿಕೆಯಲ್ಲಿ ಹತ್ತರಲ್ಲಿ ಮೂರು ಕುಡಿಯುವ ನೀರಿಗೆ, ಮೂರು ನೈರ್ಮಲ್ಯಕ್ಕೆ, ಉಳಿದ ನಾಲ್ಕು ಊರಿನ ಬೇರೆ ಅಗತ್ಯಕ್ಕೆ. ಬೀಜ ಸರಿಸಿ ತೋರಿಸಿದರೆ, ಎಲ್ಲ ದುಡ್ಡೂ ರಸ್ತೆಗೇ ಹೋಯಿತು ಎಂದಾಗ ಏನು ಕೇಳಬೇಕೆಂದು ತಾನಾಗಿ ತಿಳಿಯುತ್ತದೆ.

ಇನ್ನು ಕೂರುವ ವಿಚಾರ. ವೇದಿಕೆ, ಹಾರ, ಉದ್ಘಾಟನೆ ಬೇಡವೇ ಬೇಡ, ಅರ್ಧ ದಿನ ತಿನ್ನುತ್ತವೆ. ನೆಲದ ಮೇಲೆ ದುಂಡಗೆ ಕೂರಿಸಿ. ಗುಂಪು ಮಾಡುವುದನ್ನು ಅವರಿಗೇ ಬಿಟ್ಟರೆ ಕೇರಿ ಕೇರಿಯಾಗಿಯೇ ಕೂರುತ್ತಾರೆ, ದಲಿತ ಸದಸ್ಯೆಯರು ಬಾಗಿಲ ಪಕ್ಕ ಉಳಿಯುತ್ತಾರೆ. ಒಂದರಿಂದ ಐದರವರೆಗೆ ಎಣಿಸಿ ಒಂದೇ ಸಂಖ್ಯೆಯವರನ್ನು ಸೇರಿಸಿ. ಊಟ ಬಡಿಸುವ ಸರದಿಯೂ ಇದೇ ಗುಂಪಿನದಾಗಲಿ, ಮತ್ತು ಅದರಲ್ಲಿ ರಾಜಿ ಬೇಡ. 30 ಜನಕ್ಕೆ ನಡೆಸುವವರು ಇಬ್ಬರು ಸಾಕು. ಮೂರನೆಯವರು ಹಿಂದೆ ಕೂತು ಯಾರು ಎಷ್ಟು ಸಲ ಮಾತಾಡಿದರು ಎಂದು ಹೆಸರಿನ ಮುಂದೆ ಗೀಟು ಹಾಕುತ್ತಿರಲಿ. ಮಧ್ಯಾಹ್ನ ಆ ಹಾಳೆ ನೋಡಿದರೆ ನಾವೇ ಎಷ್ಟು ಮಾತಾಡುತ್ತೇವೆ ಎಂಬುದೂ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಸಾಮಾನ್ಯವಾಗಿ ಏಳು ಎಂಟಕ್ಕೆ ಒಬ್ಬರು ಬಾಯಿ ತೆರೆಯುತ್ತಾರೆ, ನಾವು ನಾಲ್ಕಕ್ಕೇ ಉತ್ತರ ಹೇಳಿ ಕೆಡಿಸುತ್ತೇವೆ.

ಗಂಡಂದಿರು ಬಂದೇ ಬರುತ್ತಾರೆ. ಜಗಳ ಬೇಡ. ಮೊದಲ ದಿನ ಅವರಿಗೇ ಪ್ರತ್ಯೇಕವಾಗಿ ಒಂದು ಗಂಟೆ ಕೊಟ್ಟು, ಚಹಾ ಕೊಟ್ಟು, ಬಸ್ಸು ಹತ್ತಿಸಿ. ಕೈಗೂಸು ಇರುವವರಿಗೆ ಪಕ್ಕದ ಕೋಣೆಯಲ್ಲಿ ಆಯಾ, ತೊಟ್ಟಿಲು ಇರಲಿ. ಕಳೆ, ಕೊಯ್ಲಿನ ವಾರಗಳಲ್ಲಿ, ಊರ ಜಾತ್ರೆಯ ಹೊತ್ತಿನಲ್ಲಿ ದಿನ ಇಡಬೇಡಿ.

ಮೂರು ತಿಂಗಳ ನಂತರ ಒಂದು ಭೇಟಿ ಎಂದು ಯೋಜನೆಯಲ್ಲಿ ಬರೆದಿದ್ದರೆ ಅದನ್ನು ತಿದ್ದಿ. ಪ್ರತಿ ಪಂಚಾಯಿತಿಯ ಮುಂದಿನ ಸಭೆಯ ದಿನಾಂಕ ಬರೆದಿಟ್ಟುಕೊಳ್ಳಿ. ಎರಡು ದಿನ ಮೊದಲು ಫೋನ್ ಮಾಡಿ ನೋಟೀಸು ಬಂತಾ ಎಂದು ಕೇಳಿ. ಸಭೆಯ ಮಾರನೇ ದಿನ ಊರಿಗೆ ಹೋಗಿ ಆ ಪುಟದ ಫೋಟೊ ತೋರಿಸಲು ಹೇಳಿ. ಫೋಟೊ ಇಲ್ಲದಿದ್ದರೆ ಬೈಯಬೇಡಿ. ಪುಸ್ತಕ ಯಾರ ಕೈಯಲ್ಲಿತ್ತು, ಸಹಿ ಯಾವಾಗ ಹಾಕಿದಿರಿ ಎಂದು ಕೇಳಿ, ಅಲ್ಲಿಂದ ಪಾಠ ಮತ್ತೆ ಶುರು ಮಾಡಿ.