2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಹೆಚ್ಚು ಮತ ಪಡೆದ ಕಾಂಗ್ರೆಸ್‌ಗೆ ಕಡಿಮೆ ಸೀಟು ಬಂದದ್ದು ಹೇಗೆ?

ಮತಗಳು ಎಷ್ಟು ಎನ್ನುವುದಕ್ಕಿಂತ ಎಲ್ಲಿ ಬಿದ್ದವು ಎನ್ನುವುದು ಮುಖ್ಯ. ಕಾಂಗ್ರೆಸ್‌ಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಮತ ಬಂದಿತ್ತು. ಆದರೆ ಮೇ 15ರಂದು ಫಲಿತಾಂಶ ಹೊರಬಿದ್ದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37 ಗೆದ್ದವು.

ಕಾಂಗ್ರೆಸ್ ಮತ ರಾಜ್ಯದ ಉದ್ದಗಲಕ್ಕೂ ಹರಡಿತ್ತು. ಹಳೆ ಮೈಸೂರಿನಲ್ಲಿ ಅದು ಜೆಡಿಎಸ್ ಎದುರು ಸೋತಿತು. ಮಂಡ್ಯದ ಏಳೂ ಕ್ಷೇತ್ರಗಳು ಜೆಡಿಎಸ್ ಪಾಲಾದವು. ಕರಾವಳಿಯಲ್ಲಿ ಬಿಜೆಪಿ ಎದುರು ಸೋತಿತು; ದಕ್ಷಿಣ ಕನ್ನಡ, ಉಡುಪಿಗಳ 13ರಲ್ಲಿ ಉಳಿದದ್ದು ಮಂಗಳೂರು ಒಂದೇ. ಸೋತ ಅಭ್ಯರ್ಥಿಯ ಸಾವಿರಾರು ಮತಗಳು ಶೇಕಡಾವಾರು ಲೆಕ್ಕಕ್ಕೆ ಸೇರುತ್ತವೆ, ಸೀಟಿನ ಲೆಕ್ಕಕ್ಕಲ್ಲ. ಬಿಜೆಪಿಯಾದರೋ ಹಳೆ ಮೈಸೂರಿನ ಹಲವೆಡೆ ತೀರ ಕಡಿಮೆ ಮತ ಪಡೆದು, ತನ್ನ ಬಲವಿದ್ದ ಕಡೆ ಗೆದ್ದುಕೊಂಡಿತು.

2023ರಲ್ಲಿ ಬಿಜೆಪಿಯ ಮತಪ್ರಮಾಣ ಹೆಚ್ಚುಕಡಿಮೆ ಶೇ 36ರಲ್ಲೇ ನಿಂತಿತು, ಸೀಟು ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್ ಕುಸಿದು, ಕಾಂಗ್ರೆಸ್ ಸುಮಾರು ಶೇ 43ಕ್ಕೆ ಏರಿ 135 ಗೆದ್ದಿತು. ಶೇಕಡಾವಾರು ನೋಡಿ ವಿಜೇತರನ್ನು ಊಹಿಸುವವರು ಈ ಎರಡು ಚುನಾವಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು.