ಚೌಕ ಕಲ್ಲಂಗಡಿ ಬೆಳೆದರೆ ಫಲಪುಷ್ಪ ಪ್ರದರ್ಶನದಲ್ಲಿ ಬಹುಮಾನ ಸಿಗುತ್ತಾ? ಅಚ್ಚು ಎಲ್ಲಿ ಮಾಡಿಸಲಿ?

ಅಚ್ಚು ಮಾಡಿಸಲೇಬೇಡಿ. ನನಗೂ ಇದೇ ಹುಚ್ಚು ಹಿಡಿದಿತ್ತು. ಜಪಾನಿನ ಜೆಂತ್ಸೂಜಿಯ ಆ ಚೌಕ ಕಲ್ಲಂಗಡಿ ಅಂಗಡಿ ಮುಂದೆ ಅಂದಕ್ಕೆ ಇಡುವ ಮಾಲು. ಪೂರ್ತಿ ಹಣ್ಣಾಗುವ ಮೊದಲೇ ಕೊಯ್ಯುತ್ತಾರೆ, ತಿನ್ನಲು ಆಗುವುದಿಲ್ಲ. ತೀರ್ಪುಗಾರರು ಹೆಚ್ಚಿ ನೋಡಿದರೆ ಏನು ತೋರಿಸುತ್ತೀರಿ?

ವಿಚಿತ್ರವೇ ಬೇಕಾದರೆ ಕರಬೂಜದ ವಂಶದ ಹಣ್ಣು, ನಮ್ಮ ಇಬ್ಬುಡ್ಲ ಇದೆ ಅಲ್ವಾ? ಹಣ್ಣಾದ ಕೂಡಲೇ ತಾನಾಗಿ ಬಿರಿಯುತ್ತದೆ. ಅದನ್ನು ಒಡೆಯದೆ ಮೇಜಿನವರೆಗೆ ತಲುಪಿಸುವುದೇ ಸಾಹಸ. ನಮ್ಮದು ಉಡುಪಿ ಕಡೆ. ಭತ್ತ ಕೊಯ್ದ ಗದ್ದೆಯಲ್ಲಿ ಬೆಳೆದು ಮೂರು ಹಣ್ಣು ಇಟ್ಟಿದ್ದೆ, ಎರಡನೇ ಬಹುಮಾನ ಬಂತು. ಆ ಖುಷಿಯಲ್ಲಿ ಅದೇ ಹಣ್ಣಿನ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಎತ್ತಿಟ್ಟೆ.

ಅಲ್ಲೇ ಕೆಟ್ಟಿದ್ದು. ಪಕ್ಕದ ಸಾಲಿನಲ್ಲಿ ಕರಬೂಜ, ಬದುವಿನಾಚೆ ಸಾಂಬಾರು ಸೌತೆ ಇತ್ತು. ಮೂರೂ ಒಂದೇ ಜಾತಿ, ಜೇನುನೊಣ ಬೆರೆಸಿಬಿಡುತ್ತದೆ. ಬೆರೆತದ್ದು ಆ ವರ್ಷದ ಹಣ್ಣಿನಲ್ಲಿ ಕಾಣುವುದಿಲ್ಲ. ಸಿಪ್ಪೆ, ತಿರುಳು ಎಲ್ಲ ತಾಯಿ ಬಳ್ಳಿಯದ್ದೇ. ಅಪ್ಪ ಯಾರು ಅಂತ ಗೊತ್ತಿರುವುದು ಬೀಜಕ್ಕೆ ಮಾತ್ರ. ಮುಂದಿನ ವರ್ಷ ಒಂದು ಬಳ್ಳಿಯಲ್ಲಿ ಬಲೆ ಬಲೆ ಸಿಪ್ಪೆ, ಇನ್ನೊಂದರಲ್ಲಿ ಸೌತೆಯಂಥ ಪಟ್ಟೆ. ಮೂರರ ಸೆಟ್ಟು ಅಂದರೆ ಅಕ್ಕತಂಗಿಯರಂತೆ ಹೋಲಬೇಕು. ನನಗೆ ಒಂದು ಜೋಡಿಯೂ ಸಿಗಲಿಲ್ಲ. ಗೊಬ್ಬರ ಜಾಸ್ತಿಯಾಯಿತೇನೋ ಅಂತ ಸುಮ್ನೆ ಮಣ್ಣನ್ನು ಬೈದೆ.

ಕಲ್ಲಂಗಡಿ, ಮುಳ್ಳುಸೌತೆ ಪಕ್ಕದಲ್ಲಿದ್ದರೆ ಭಯವಿಲ್ಲ, ಇವುಗಳ ಜೊತೆ ಬೆರೆಯುವುದಿಲ್ಲ. ಕರಬೂಜದ ವಂಶದ್ದಾದರೆ ಹೀಗೆ ಮಾಡಿ: ನಾಳೆ ಅರಳುವ ಗಂಡು ಹೂವಿಗೂ, ಮಿಡಿ ಹೊತ್ತ ಹೂವಿಗೂ ಸಂಜೆಯೇ ನೂಲು ಕಟ್ಟಿ ಬಾಯಿ ಮುಚ್ಚಿ. ಬೆಳಗ್ಗೆ ಬಿಸಿಲು ಏರುವ ಮೊದಲು ಬಿಚ್ಚಿ ಪರಾಗ ಸವರಿ, ಮತ್ತೆ ಕಟ್ಟಿ. ಆ ಮಿಡಿಯ ತೊಟ್ಟಿಗೆ ಬಣ್ಣದ ದಾರ ಸುತ್ತಿ. ಬೀಜಕ್ಕೆ ಅದೊಂದೇ. ಉಳಿದವು ಪ್ರದರ್ಶನಕ್ಕೋ ಪಾನಕಕ್ಕೋ ಹೋಗಲಿ.

ಹೈಬ್ರಿಡ್ ಬೀಜ ತಂದರೆ ಈ ರಗಳೆ ಇಲ್ಲ ಅನ್ನುವವರಿದ್ದಾರೆ. ನಿಜ, ಆದರೆ ಪ್ರತಿ ವರ್ಷ ಕೊಳ್ಳಬೇಕು. ಇಬ್ಬುಡ್ಲವನ್ನು ಮಾತ್ರ ಬಿರಿಯುವ ಮೊದಲೇ ತೊಟ್ಟು ಸಮೇತ ಕೊಯ್ದು, ಒಣ ಬಾಳೆ ಎಲೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಒಯ್ಯಿರಿ. ಬೈಕಿನ ಡಿಕ್ಕಿಯಲ್ಲಿ ಬೇಡ.