ಅರ್ಧ ಕಿಲೋಮೀಟರ್ ಅಂತರದ ಎರಡು ಮಳೆಮಾಪಕಗಳ ಲೆಕ್ಕ ತಾಳೆಯಾಗದಿದ್ದರೆ ಯಾವುದನ್ನು ನಂಬುವುದು?

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡಿನ ಬದಿಯಡ್ಕದ ಹತ್ತಿರ ನಿಮ್ಮ ಅಡಿಕೆ ತೋಟ. 10 ಸೆಂ.ಮೀ. ಬಾಯಿಯ ಆಲಿಕೆ ಮತ್ತು ಒಂದು ಲೀಟರಿನ ಬಾಟಲಿ ಸೇರಿಸಿ ಮಾಡಿದ ಮಳೆಮಾಪಕದಲ್ಲಿ ಮೊನ್ನೆ ನಿಮಗೆ 84 ಮಿ.ಮೀ. ಸಿಕ್ಕಿತು, ಅರ್ಧ ಕಿಲೋಮೀಟರ್ ಆಚೆಯ ನೆರೆಕರೆಯವರಿಗೆ 97. ಯಾವುದು ಸರಿ, ವಿಜ್ಞಾನಿಗಳಾದರೆ ಹೇಗೆ ತೀರ್ಮಾನಿಸುತ್ತಾರೆ?

ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಹಾಗಾಗಿ ನಾನು ಆ ಪ್ರಶ್ನೆಯನ್ನು ಸದ್ಯ ಬದಿಗಿಟ್ಟು, ನಡುವಿನ 13 ಮಿ.ಮೀ. ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಮಾಪಕದಿಂದ ಬಂದಿರಬಹುದು, ಅದನ್ನಿಟ್ಟ ಜಾಗದಿಂದ ಬಂದಿರಬಹುದು, ಓದುವ ಹೊತ್ತಿನಿಂದ ಬಂದಿರಬಹುದು. ಇಲ್ಲವೇ ಮಳೆಯೇ ಬೇರೆ ಬೇರೆ ಸುರಿದಿರಬಹುದು. ಮೊದಲಿನ ಮೂರನ್ನು ಪರೀಕ್ಷಿಸಿ ಮುಗಿಸದೆ ಕೊನೆಯದನ್ನು ಹೇಳುವ ಹಕ್ಕು ನಮಗಿಲ್ಲ.

ಮೊದಲು ಮಾಪಕ. 10 ಸೆಂ.ಮೀ. ಒಳವ್ಯಾಸದ ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ. ಅಂದರೆ 1 ಮಿ.ಮೀ. ಮಳೆಗೆ 7.85 ಮಿ.ಲೀ. ನೀರು. ನಿಮಗೆ ಸಿಕ್ಕಿದ 659 ಮಿ.ಲೀ. ನೀರನ್ನು ಇದರಿಂದ ಭಾಗಿಸಿದರೆ 83.949 ಎಂದು ಫೋನು ತೋರಿಸುತ್ತದೆ. ಆ ದಶಾಂಶಗಳಿಗೆ ಬೆಲೆಯಿಲ್ಲ, 84 ಎಂದೇ ಬರೆಯಿರಿ. ಕಾರಣ, ಸ್ಕೇಲಿಟ್ಟು ಅಳೆದ ವ್ಯಾಸದಲ್ಲಿ 1 ಮಿ.ಮೀ. ಆಚೀಚೆ ಆಗುವುದು ಸಹಜ, ಅಷ್ಟಕ್ಕೇ ವಿಸ್ತೀರ್ಣದಲ್ಲಿ ಶೇ. 2 ವ್ಯತ್ಯಾಸ ಬರುತ್ತದೆ. ನಿಮ್ಮ 84 ನಿಜವಾಗಿ 82ರಿಂದ 86ರ ನಡುವಿನ ಯಾವುದೋ ಒಂದು ಸಂಖ್ಯೆ. ಹೀಗೆ ತನ್ನ ಆಚೀಚೆಯನ್ನು ಜೊತೆಗೇ ಹೇಳುವ ಸಂಖ್ಯೆಯನ್ನೇ ಅಳತೆ ಎನ್ನಬಹುದು. ನೆರೆಕರೆಯವರ 97ರಲ್ಲೂ ಅಷ್ಟೇ ಸಂಶಯ ಇದೆ ಎಂದಿಟ್ಟುಕೊಂಡರೂ ಇಬ್ಬರ ಲೆಕ್ಕ ಒಂದನ್ನೊಂದು ಮುಟ್ಟುವುದಿಲ್ಲ. ಹಾಗಾದರೆ ಹುಡುಕಬೇಕಾದ ಕಾರಣವೊಂದು ಇದ್ದೇ ಇದೆ.

ಆಲಿಕೆಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವುದು ಬಹಳ ಜನ ಮಾಡುವ ತಪ್ಪು. ಒಳ ಅಂಚಿನಿಂದ ಅಳೆಯಿರಿ, ಬಾಯಿ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಮೂರು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ನೀರನ್ನು ಅಳತೆ ಜಾಡಿಯಲ್ಲಿ ಓದುವ ಬದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಬಹುದು. 1 ಗ್ರಾಂ ಅಂದರೆ 1 ಮಿ.ಲೀ. ಎಂದಿಟ್ಟುಕೊಂಡರೆ ಸಾಕು, ಕಣ್ಣಂದಾಜಿಗಿಂತ ಅದು ಎಷ್ಟೋ ವಾಸಿ. ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಮಳೆಗೆ ಇನ್ನೊಂದು ಅಪಾಯ: ನಿಮ್ಮ ಬಾಟಲಿ 127 ಮಿ.ಮೀ.ಗೆ ತುಂಬಿಬಿಡುತ್ತದೆ, ಮೇಲಿನದ್ದೆಲ್ಲ ಚೆಲ್ಲಿಹೋಗುತ್ತದೆ. ಪುಸ್ತಕದಲ್ಲಿ ಜೋರು ಮಳೆಯ ದಿನಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಸಂಖ್ಯೆ ಕಂಡರೆ ಅದು ಮಳೆಯ ಲೆಕ್ಕವಲ್ಲ, ಬಾಟಲಿಯ ಲೆಕ್ಕ. ವರ್ಷಕ್ಕೆ ಸುಮಾರು 3500 ಮಿ.ಮೀ. ಸುರಿಯುವ ನಮ್ಮ ಕಾಸರಗೋಡಿನಲ್ಲಿ ಎರಡೂವರೆ ಲೀಟರಿನ ಕ್ಯಾನಾದರೂ ಬೇಕು.

ಜಾಗದ ವಿಷಯ. ಹವಾಮಾನ ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ತಾರಸಿಯ ಮೇಲಿಟ್ಟರೆ ಗಾಳಿ ಹನಿಗಳನ್ನು ಬಾಯಿಯ ಮೇಲಿಂದಲೇ ಸಾಗಿಸುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಸಿಮೆಂಟು ಅಂಗಳದಲ್ಲಿ ತಗ್ಗಾಗಿಟ್ಟರೆ ನೆಲಕ್ಕೆ ಬಡಿದ ಹನಿ ಒಳಗೆ ಹಾರಿ ಲೆಕ್ಕ ಹೆಚ್ಚುತ್ತದೆ. ಹುಲ್ಲಿನ ಮೇಲೆ ಈ ತೊಂದರೆ ಕಡಿಮೆ. ಮರ, ಕಟ್ಟಡಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು. 12 ಮೀಟರ್ ಎತ್ತರದ ಅಡಿಕೆ ಮರಕ್ಕೆ 24 ಮೀಟರ್. ತೋಟದೊಳಗೆ ಅಂಥ ಜಾಗ ಎಲ್ಲಿಯೂ ಸಿಗದು. ಸೋಗೆ ಒಂದು ಕಡೆ ಮಳೆಯನ್ನು ತಡೆಯುತ್ತದೆ, ಇನ್ನೊಂದು ಕಡೆ ಧಾರೆಯಾಗಿ ಇಳಿಸುತ್ತದೆ. ಅಡಿಕೆ ಒಣಗಿಸುವ ಅಂಗಳದ ಅಂಚಿನ ಹುಲ್ಲುನೆಲ ನೋಡಿ.

ಓದುವ ಹೊತ್ತು: ಇಲಾಖೆಯ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ನೀವು 7ಕ್ಕೆ, ಅವರು 9ಕ್ಕೆ ಓದಿದರೆ ನಡುವೆ ಸುರಿದದ್ದು ಅವರ ಇಂದಿನ ಲೆಕ್ಕಕ್ಕೂ ನಿಮ್ಮ ನಾಳೆಯ ಲೆಕ್ಕಕ್ಕೂ ಹೋಗುತ್ತದೆ.

ಈಗ ಒಂದು ತಿಂಗಳ ಎರಡೂ ಪುಸ್ತಕ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಒಂದು ದಿನ ಹೆಚ್ಚು, ಮರುದಿನ ಕಡಿಮೆ ಆಗಿ, ತಿಂಗಳ ಮೊತ್ತ ಮಾತ್ರ ಹತ್ತಿರ ಬಂದರೆ ಓದುವ ಹೊತ್ತನ್ನು ಸಂಶಯಿಸಿ. ಅವರದು ಪ್ರತಿ ಸಲವೂ ನಿಮ್ಮದಕ್ಕಿಂತ ಶೇ. 15ರಷ್ಟು ಹೆಚ್ಚಿದ್ದರೆ ಬಾಯಿಯ ವಿಸ್ತೀರ್ಣ ಅಥವಾ ಜಾಗ. 5 ಮಿ.ಮೀ. ಬಂದರೂ 50 ಬಂದರೂ ಅಂತರ ಅದೇ ಅರ್ಧ, ಒಂದು ಮಿ.ಮೀ. ಎಂದಾದರೆ ಆಲಿಕೆಗೆ ಅಂಟಿ ಉಳಿಯುವ ನೀರು. ತಪ್ಪುಗಳಿಗೂ ಒಂದೊಂದು ಚಹರೆ ಇರುತ್ತದೆ, ಒಂದೇ ದಿನದ ಎರಡು ಸಂಖ್ಯೆಗಳಲ್ಲಿ ಅದು ಕಾಣಿಸದು.

ಚಹರೆ ನೋಡಿ ಊಹೆ ಮಾಡಿದ್ದಾಯಿತು, ಇನ್ನು ಅದನ್ನು ಪರೀಕ್ಷೆಗೆ ಒಡ್ಡಬೇಕು. ನನ್ನ ಮಟ್ಟಿಗೆ ವಿಜ್ಞಾನ ನಡೆಯುವ ರೀತಿಯ ತಿರುಳು ಇಲ್ಲೇ ಇದೆ. ಎರಡೂ ಮಾಪಕಗಳನ್ನು ನಿಮ್ಮ ಅಂಗಳದಲ್ಲಿ ಎರಡು ಮೀಟರ್ ಅಂತರದಲ್ಲಿ, ಬಾಯಿ ಒಂದೇ ಮಟ್ಟದಲ್ಲಿರುವಂತೆ ನಿಲ್ಲಿಸಿ, 15 ಮಳೆಯ ದಿನ ಒಟ್ಟಿಗೆ 8.30ಕ್ಕೆ ಓದಿ. ಅದಕ್ಕೆ ಮೊದಲೇ ನಿಮ್ಮ ನಿರೀಕ್ಷೆಯನ್ನು ಬರೆದಿಡಿ: "ಕಾರಣ ಮಾಪಕವಾದರೆ ಇಲ್ಲಿಯೂ ಅವರದೇ ಹೆಚ್ಚು ತೋರಿಸಬೇಕು. ಜಾಗವಾದರೆ ಎರಡೂ ಶೇ. 3ರೊಳಗೆ ಸೇರಬೇಕು." ಫಲಿತಾಂಶ ನೋಡಿದ ಮೇಲೆ ಕಾರಣ ಹುಡುಕಹೊರಟರೆ ಯಾವ ಕಾರಣವೂ ಸರಿಯಾಗಿಯೇ ಕಾಣುತ್ತದೆ. ಒಂದನ್ನು ನೀವು, ಇನ್ನೊಂದನ್ನು ಅವರು ಓದಿ, ಬರೆದಾದ ಮೇಲೆಯೇ ಪರಸ್ಪರ ತೋರಿಸಿಕೊಳ್ಳಿ. ಪಕ್ಕದ ಸಂಖ್ಯೆ ಗೊತ್ತಿದ್ದರೆ ಕಣ್ಣು ತಿಳಿಯದೆ ಅದರತ್ತ ವಾಲುತ್ತದೆ. 10 ಮಿ.ಮೀ.ಗಿಂತ ಕಡಿಮೆಯ ದಿನಗಳನ್ನು ಅನುಪಾತದ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನೂ ಮೊದಲೇ ನಿಶ್ಚಯಿಸಿ.

ನಂತರದ 15 ದಿನ ಅದಲುಬದಲು: ನಿಮ್ಮ ಮಾಪಕ ಅವರಲ್ಲಿಗೆ, ಅವರದು ನಿಮ್ಮಲ್ಲಿಗೆ. ಹೆಚ್ಚುವರಿ ಮಳೆ ಮಾಪಕದ ಜೊತೆ ನಿಮ್ಮ ಅಂಗಳಕ್ಕೆ ಬಂದರೆ ದೋಷ ಮಾಪಕದ್ದು, ಅವರಲ್ಲೇ ಉಳಿದರೆ ಆ ಜಾಗದ್ದು. ಈ ನಡುವೆ ಆಲಿಕೆ ಬದಲಿಸುವುದು, ಎತ್ತರ ಸರಿಪಡಿಸುವುದು ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಕೊನೆಗೂ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಜಾಗವೂ ಮಾಪಕವೂ ಒಳ್ಳೆಯವೇ ಎಂದಾದರೆ, ಆಗ ಮಳೆಯೇ ಬೇರೆ ಎನ್ನಿ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ವಿಶೇಷ ದಿನ) ಮುಂಚಿನ ಗುಡುಗುಮಳೆಯಲ್ಲಿ ಅರ್ಧ ಕಿಲೋಮೀಟರಿಗೆ 13 ಮಿ.ಮೀ. ಏನೂ ದೊಡ್ಡದಲ್ಲ. ಜುಲೈಯ ಜಡಿಮಳೆಯಲ್ಲಿ ದಿನವೂ ಅದೇ ಅಂತರ ಬಂದರೆ ಮಾತ್ರ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಪುಸ್ತಕ ಇಡುವ ಕ್ರಮ: ಓದಲು ಮರೆತ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿ ಬಿಟ್ಟು "ಓದಿಲ್ಲ" ಎಂದು ಬರೆಯಿರಿ. ಸೊನ್ನೆ ಅಂದರೆ ಮಳೆ ಬಂದಿಲ್ಲ ಎಂದರ್ಥ. ತಪ್ಪಿದ ಸಂಖ್ಯೆಯನ್ನು ಅಳಿಸದೆ ಓದಲು ಬರುವಂತೆ ಒಂದು ಗೆರೆ ಎಳೆಯಿರಿ. ಆಲಿಕೆ ಬದಲಿಸಿದ ದಿನ, ಮಾಪಕ ಸರಿಸಿದ ದಿನ, ಪಕ್ಕದ ತೆಂಗು ಕಡಿದ ದಿನ, ಎಲ್ಲ ಅಂಚಿನಲ್ಲಿ ಇರಲಿ. ಅಡಿಕೆಯ ಕೊಳೆರೋಗಕ್ಕೆ (ಮಹಾಳಿ) ಎರಡನೆಯ ಸಲ ಬೋರ್ಡೋ ಮದ್ದು ಬಿಟ್ಟ ದಿನವನ್ನೂ ಅಲ್ಲೇ ಬರೆದರೆ, ಮಹಾಳಿ ಯಾವ ವರ್ಷ ಎಷ್ಟು ಮಳೆಗೆ ಜೋರಾಯಿತು ಎಂದು ಮುಂದೆ ಅದೇ ಪುಸ್ತಕದಲ್ಲಿ ಹುಡುಕಬಹುದು.